ಔಟ್‌ಲುಕ್ ಬಂದ್ ಆದ್ರೂ ನೋಟಿಸ್ ನಿಲ್ಲಲ್ಲ: ಹಳೇ ಕಂಪ್ಯೂಟರ್‌ಗೆ ರಿಜಿಸ್ಟ್ರಿ ತೇಪೆ ಎಷ್ಟು ದಿನ?

ವಿಜಯಪುರ ಜಿಲ್ಲೆ: ಟ್ಯಾಲಿ ಓಡತೈತಿ, ಬಿಲ್ ಪ್ರಿಂಟ್ ಬರತೈತಿ, ಇನ್ನೇನು ಬೇಕು? ಹಿಂಗ ಅಂದುಕೊಂಡು ವಿಂಡೋಸ್ 7 ಕಂಪ್ಯೂಟರ್ ಇಟ್ಟುಕೊಂಡ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ವ್ಯಾಪಾರಸ್ಥರು ಒಂದು ಮಾತು ಗಮನಿಸಬೇಕು. ಬಿಲ್ ಬಂದರೂ ಆ ಕಂಪ್ಯೂಟರಿಗೆ ಇ-ಮೇಲ್ ಬರದೇ ಇರಬಹುದು. ಮೇಲ್ ಬರಲಿಲ್ಲ ಅಂತ ಸರ್ಕಾರದ ಗಡುವು ನಿಲ್ಲೋದಿಲ್ಲ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಅವಾಗಿಂದ ಜಿಎಸ್‌ಟಿ ಮಾತು ಅಂಗಡಿ ಕಟ್ಟಿಗೇ ಬಂದು ಕುಂತಿದೆ. ಆದರೆ ನೋಟಿಸ್ ಎಲ್ಲಿಗೆ ಬರುತ್ತದೆ ಅನ್ನೋದರ ಬಗ್ಗೆ ಮಾತು ಕಡಿಮೆ.

ಕಾನೂನು ಏನು ಹೇಳುತ್ತದೆ?

ಜಿಎಸ್‌ಟಿ ಕಾಯ್ದೆಯ 169ನೇ ಸೆಕ್ಷನ್ ಪ್ರಕಾರ, ನೋಂದಣಿ ವೇಳೆ ಕೊಟ್ಟ ಇ-ಮೇಲ್‌ಗೆ ಕಳಿಸಿದರೂ ನೋಟಿಸ್ ತಲುಪಿಸಿದ ಹಾಗೇ ಲೆಕ್ಕ. ಪೋರ್ಟಲ್‌ನಲ್ಲಿ ಹಾಕಿದರೂ ಅಷ್ಟೇ. ಆರು ತಿಂಗಳು ರಿಟರ್ನ್ ಹಾಕದಿದ್ದರೆ ನೋಂದಣಿ ರದ್ದು ಮಾಡಬಹುದು. ಅದಕ್ಕೆ ಮೊದಲು ಬರುವ ಕಾರಣ ಕೇಳಿ ನೋಟಿಸಿಗೆ ಉತ್ತರ ಕೊಡಲು ಸಿಗೋದು ಏಳೇ ಕೆಲಸದ ದಿನ. ಬೀಜ-ಗೊಬ್ಬರದ ಅಂಗಡಿಯವರು ಮುಂಗಾರಿನ ಗದ್ದಲದಾಗ ಒಂದು ವಾರ ಮೇಲ್ ನೋಡಲಿಲ್ಲ ಅಂದ್ರ ಗಡುವು ಬಹುತೇಕ ಮುಗಿದಂಗೇ.

ಮೇಲ್ ಯಾಕೆ ನಿಲ್ಲುತ್ತದೆ?

ಇಲ್ಲಿ ಎರಡು ತೊಂದರೆ ಅದಾವ. ಒಂದು ದಾರೀದು, ಇನ್ನೊಂದು ಕೀಲೀದು.

ದಾರಿ ಅಂದರೆ ಟಿಎಲ್‌ಎಸ್. ಕಂಪ್ಯೂಟರ್ ಮತ್ತು ಮೇಲ್ ಸರ್ವರ್ ನಡುವೆ ಹೋಗೋ ಮಾತನ್ನು ಬೇರೆಯವರು ಓದದಂತೆ ಕಾಯುವ ವ್ಯವಸ್ಥೆ ಇದು. 1999ರ ಟಿಎಲ್‌ಎಸ್ 1.0 ಮತ್ತು 2006ರ 1.1 ಎರಡನ್ನೂ 2021ರ ಮಾರ್ಚ್‌ನಲ್ಲಿ ಬಳಕೆಗೆ ಯೋಗ್ಯವಲ್ಲ ಎಂದು ಅಧಿಕೃತವಾಗಿ ಕೈಬಿಡಲಾಯಿತು. ಈಗ 1.2 ಅಥವಾ 1.3 ಬೇಕು. ವಿಂಡೋಸ್ 7ರಲ್ಲಿ 1.2 ಇದೆ, ಆದರೆ ಹಲವು ಪ್ರೋಗ್ರಾಂಗಳು ತಾನಾಗೇ ಅದನ್ನು ಬಳಸೋದಿಲ್ಲ. ಅದಕ್ಕೆ ಮೈಕ್ರೋಸಾಫ್ಟ್ ಕೊಟ್ಟ ಕೆಬಿ3140245 ಅಪ್‌ಡೇಟ್ ಹಾಕಿ, ರಿಜಿಸ್ಟ್ರಿಯಲ್ಲಿ 'ಡಿಫಾಲ್ಟ್‌ಸೆಕ್ಯೂರ್‌ಪ್ರೋಟೋಕಾಲ್ಸ್' ಅನ್ನೋ ಸೆಟ್ಟಿಂಗ್ ಬದಲಿಸಬೇಕು. ರಿಜಿಸ್ಟ್ರಿ ಅಂದರೆ ವಿಂಡೋಸ್‌ನ ಎಲ್ಲ ಸೆಟ್ಟಿಂಗ್ ಬರೆದಿಟ್ಟ ಖಾತೆ ಪುಸ್ತಕ ಇದ್ದಂಗ. ಕಂಪ್ಯೂಟರ್ ರಿಪೇರಿಯವರು ಐದು ನಿಮಿಷದಾಗ ಮಾಡಿಕೊಡೋದು ಇದನ್ನೇ.

ಆದರೆ ಇದರಿಂದ ಕೀಲಿಯ ತೊಂದರೆ ಬಗೆಹರಿಯಲ್ಲ. ಹೊರಗಿನ ಪ್ರೋಗ್ರಾಂನಲ್ಲಿ ಬರೀ ಪಾಸ್‌ವರ್ಡ್ ಹಾಕಿ ಜಿಮೇಲ್ ತೆಗೆಯೋದನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಹಾಟ್‌ಮೇಲ್, ಔಟ್‌ಲುಕ್ ಡಾಟ್ ಕಾಮ್ ಖಾತೆಗಳಿಗೆ ಮೈಕ್ರೋಸಾಫ್ಟ್ 2024ರ ಸೆಪ್ಟೆಂಬರ್ 16ರಿಂದ ಅದನ್ನೇ ಮಾಡಿತು. ಔಟ್‌ಲುಕ್ 2010ಕ್ಕೆ ಹೊಸ ರೀತಿಯ ಲಾಗಿನ್ ಗೊತ್ತೇ ಇಲ್ಲ. ಜಿಮೇಲ್‌ಗೆ ಎರಡು ಹಂತದ ಪರಿಶೀಲನೆ ಹಾಕಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ತಗೊಳ್ಳಬಹುದು. ಹಾಟ್‌ಮೇಲ್ ಇದ್ದವರಿಗೆ ಎಷ್ಟು ರಿಜಿಸ್ಟ್ರಿ ತಿದ್ದಿದರೂ ಹಳೇ ಔಟ್‌ಲುಕ್‌ನಲ್ಲಿ ಕೆಲಸ ಆಗಲ್ಲ.

ತೇಪೆಯಿಂದ ತೂತು

ಯೂಟ್ಯೂಬ್ ನೋಡಿ, ವಾಟ್ಸಾಪ್‌ನಲ್ಲಿ ಬಂದ ಫೈಲ್ ಒತ್ತಿ ರಿಜಿಸ್ಟ್ರಿ ಬದಲಿಸೋದು ಅಪಾಯ. ಉದಾಹರಣೆಗೆ, ವೈರಸ್ ತರಬಲ್ಲ ಇಎಕ್ಸ್‌ಇ ಥರದ ಅಟ್ಯಾಚ್‌ಮೆಂಟ್‌ಗಳನ್ನು ಔಟ್‌ಲುಕ್ ತಾನೇ ತಡೆಯುತ್ತದೆ. 'ಲೆವೆಲ್1ರಿಮೂವ್' ಅನ್ನೋ ಒಂದು ರಿಜಿಸ್ಟ್ರಿ ಸಾಲು ಆ ತಡೆಯನ್ನು ತೆಗೆದುಹಾಕಬಹುದು. ಆಮೇಲೆ 'ಜಿಎಸ್‌ಟಿ ನೋಟಿಸ್' ಅಂತ ಹೆಸರಿಟ್ಟು ಬಂದ ಕಳ್ಳ ಫೈಲಿಗೆ ಬಾಗಿಲು ತೆರೆದಂಗೇ. ಅದೇ ಕಂಪ್ಯೂಟರಿನಲ್ಲಿ ನೆಟ್ ಬ್ಯಾಂಕಿಂಗ್ ಇದ್ದರೆ ನಷ್ಟ ಯಾರದು ಅಂತ ಹೇಳಬೇಕಿಲ್ಲ.

ವಿಂಡೋಸ್ 7ಕ್ಕೆ ಸಾಮಾನ್ಯ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿದೆ. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಉಚಿತ ಬೆಂಬಲ ಮುಗಿಯಿತು. ಮನೆಬಳಕೆಯ ಕಂಪ್ಯೂಟರ್‌ಗೆ ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರ ತನಕ ಅವಕಾಶ ಅಂತ ಕಂಪನಿ ಹೇಳಿತ್ತು. ಅಂದರೆ ರಿಜಿಸ್ಟ್ರಿ ತಿದ್ದಿದ್ದು ದಿನ ದೂಡೋಕೆ ಸಾಕು, ರಕ್ಷಣೆಗೆ ಸಾಲದು.

ವ್ಯಾಪಾರಸ್ಥರು ಈಗ ಮಾಡಬೇಕಾದ್ದು

- ಜಿಎಸ್‌ಟಿ ಪೋರ್ಟಲ್‌ನಲ್ಲಿ ಯಾರ ಇ-ಮೇಲ್, ಯಾರ ಮೊಬೈಲ್ ಇದೆ ನೋಡಿ. ನೋಂದಣಿ ಮಾಡಿಸಿಕೊಟ್ಟವರದೇ ಇದ್ದರೆ ನಿಮ್ಮದು ಹಾಕಿಸಿ. ಇದು 'ನಾನ್-ಕೋರ್' ತಿದ್ದುಪಡಿ, ಅಧಿಕಾರಿ ಒಪ್ಪಿಗೆ ಬೇಕಿಲ್ಲ.
- ಮೇಲ್ ಬರಲಿ ಬಿಡಲಿ, ವಾರಕ್ಕೊಮ್ಮೆ ಪೋರ್ಟಲ್‌ಗೆ ಹೋಗಿ ನೋಟಿಸ್ ವಿಭಾಗ ನೋಡಿ.
- ಔಟ್‌ಲುಕ್ ಕೈಕೊಟ್ಟರೆ ಮೊಬೈಲ್‌ನ ಮೇಲ್ ಆ್ಯಪ್ ಬಳಸಿ. ನೋಟಿಸ್ ನೋಡಲು ಅಷ್ಟು ಸಾಕು.
- ರಿಜಿಸ್ಟ್ರಿ ಮುಟ್ಟಿಸಲೇಬೇಕಾದರೆ ಮೊದಲು ಅದರ ಬ್ಯಾಕಪ್ ತೆಗೆಸಿ. ಏನು ಬದಲಾಯಿಸಿದರು ಅಂತ ಚೀಟಿ ಮೇಲೆ ಬರೆಸಿಕೊಳ್ಳಿ. ಟ್ಯಾಲಿ ಡೇಟಾ ಪೆನ್‌ಡ್ರೈವ್‌ನಲ್ಲಿ ಬೇರೆ ಇರಲಿ.
- ದುಡ್ಡು ಹೋಯಿತು ಅನಿಸಿದ ಕೂಡಲೇ 1930ಕ್ಕೆ ಫೋನ್ ಮಾಡಿ.

ಹೊಸ ಕಂಪ್ಯೂಟರ್ ಇವತ್ತೇ ತಗೊಳ್ಳೋಕೆ ಎಲ್ಲರ ಕೈಯಾಗ ಆಗಲ್ಲ, ಅದು ನಿಜ. ಆದರೆ ಪೋರ್ಟಲ್‌ನಲ್ಲಿ ಇ-ಮೇಲ್ ಸರಿ ಮಾಡಿಸೋಕೆ ಸರ್ಕಾರದ ಶುಲ್ಕ ಒಂದು ರೂಪಾಯಿನೂ ಇಲ್ಲ. ಮೊದಲು ಅದು ಆಗಲಿ.