ಹುಟ್ಟಿದ್ದು ದ್ವೀಪದಲ್ಲಿ, ದಾಖಲೆ ರಾಜಧಾನಿಯಲ್ಲಿ

ಪೆಸಿಫಿಕ್ ಸಾಗರದ ವನುವಾಟು ದೇಶಕ್ಕೆ ಎಂಬತ್ತಕ್ಕೂ ಹೆಚ್ಚು ದ್ವೀಪಗಳಿವೆ, ಜನಸಂಖ್ಯೆ ಮಾತ್ರ ಸುಮಾರು 3 ಲಕ್ಷ. ಮೂಲೆಯ ದ್ವೀಪವೊಂದರಲ್ಲಿ ಹೆರಿಗೆಯಾದರೆ ಬಾಣಂತಿಯನ್ನು ನೋಡಿಕೊಳ್ಳಲು ಊರೇ ಇರುತ್ತದೆ. ಜನನ ಪತ್ರಕ್ಕೆ ಮಾತ್ರ ಅಪ್ಪ ದೋಣಿ ಹತ್ತಬೇಕು. ದೋಣಿಯ ಚಾರ್ಜು, ಕೆಲಸ ಬಿಟ್ಟು ಕಳೆದುಕೊಂಡ ದಿನಗಳು, ತಂಗಲು ನೆಂಟರ ಮನೆ... ಶಾಲೆಗೆ ಸೇರಿಸುವಾಗ ನೋಡಿಕೊಂಡರಾಯಿತು ಎಂದು ಅವನು ಸುಮ್ಮನಾದರೆ ತಪ್ಪೆನ್ನುವವರು ಯಾರು? 2013ರ ಸಮೀಕ್ಷೆಯ ಪ್ರಕಾರ ಅಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೋಂದಣಿಯಾಗಿದ್ದವರು ಶೇ 43 ಮಾತ್ರ.

ಹಾಗೆಂದು ಎಲ್ಲ ತಪ್ಪನ್ನೂ ಸಮುದ್ರದ ತಲೆಗೆ ಕಟ್ಟುವಂತಿಲ್ಲ. ಕಿರಿಬಾಸ್ ದೇಶದ ಕ್ರಿಸ್ಮಸ್ ದ್ವೀಪ ರಾಜಧಾನಿ ತರಾವಾದಿಂದ 3,000 ಕಿ.ಮೀ.ಗೂ ದೂರ. ಆದರೂ 2018–19ರ ಸಮೀಕ್ಷೆಯಲ್ಲಿ ಆ ದೇಶದ ಜನನ ನೋಂದಣಿ ಶೇ 90 ದಾಟಿತ್ತು. ಜನ ಕಚೇರಿಗೆ ಬರಲಿ ಎಂದು ಕಾಯುವ ಬದಲು ಕಚೇರಿಯೇ ಜನರ ಬಳಿ ಹೋಗಬೇಕು. ವನುವಾಟು ಕೂಡ ಯುನಿಸೆಫ್ ನೆರವಿನಿಂದ ಶಾಲೆ, ಆರೋಗ್ಯ ಕೇಂದ್ರಗಳಲ್ಲೇ ನೋಂದಣಿ ಮಾಡಿಸುವ ದಾರಿ ಹಿಡಿಯಿತು. ಹೆರಿಗೆ ಮಾಡಿಸಿದ ನರ್ಸ್ ಕೈಯಲ್ಲೇ ನೋಂದಣಿ ಪುಸ್ತಕವಿದ್ದರೆ ಅರ್ಧ ಕೆಲಸ ಮುಗಿದಂತೆ.

ಸಾವಿನ ಲೆಕ್ಕ ಇಷ್ಟು ಸುಲಭವಲ್ಲ.

ಮಗುವಿಗೆ ಇಂದಲ್ಲ ನಾಳೆ ಶಾಲೆ, ಪಾಸ್‌ಪೋರ್ಟ್ ಬೇಕಾಗುತ್ತದೆ. ಸತ್ತವರಿಗೆ ಏನು ಬೇಕು? ಭವಿಷ್ಯ ನಿಧಿಯ ಹಣವೋ, ಬ್ಯಾಂಕ್ ಖಾತೆಯೋ ಇದ್ದರೆ ಮನೆಯವರು ಮರಣ ಪತ್ರ ಕೇಳಿಕೊಂಡು ಬರುತ್ತಾರೆ. ಮೀನು, ತೆಂಗು, ಗೆಡ್ಡೆ ನಂಬಿ ಬದುಕಿದ ಮುದುಕಿ ತೀರಿಕೊಂಡರೆ ಯಾರೂ ಬರುವುದಿಲ್ಲ. ಸಮೋವಾದಲ್ಲಿ ಹಿರಿಯರನ್ನು ಮನೆಯಂಗಳದಲ್ಲೇ ಮಣ್ಣು ಮಾಡುವುದು ವಾಡಿಕೆ. ಗೋರಿಯ ಪಕ್ಕದಲ್ಲೇ ಮಕ್ಕಳು ಆಡುತ್ತಿರುತ್ತಾರೆ. ಕಾಗದ ಎಲ್ಲಿ ಎಂದು ಕೇಳಲು ಅಲ್ಲಿ ಸ್ಮಶಾನದ ಕಾವಲುಗಾರನಿಲ್ಲ. ಚಿಕಿತ್ಸೆಗೆಂದು ನ್ಯೂಜಿಲೆಂಡಿಗೋ ಫಿಜಿಗೋ ಹೋದವರು ಅಲ್ಲೇ ತೀರಿಕೊಂಡರೆ ಸಾವು ಆ ದೇಶದ ಪುಸ್ತಕ ಸೇರುತ್ತದೆ, ತವರಿನ ಪಟ್ಟಿಯಲ್ಲಿ ಅವರು ಬದುಕಿಯೇ ಇರಬಹುದು. ಮತದಾರರ ಪಟ್ಟಿಗೂ ಇದೇ ತಲೆನೋವು.

ಸಾವು ದಾಖಲಾದರೂ ಕಾರಣದ ಜಾಗದಲ್ಲಿ ‘ಹೃದಯ ಸ್ತಂಭನ’ ಎಂದಿದ್ದರೆ ಪ್ರಯೋಜನವಿಲ್ಲ. ಸತ್ತ ಮೇಲೆ ಯಾರ ಹೃದಯ ತಾನೇ ನಿಲ್ಲುವುದಿಲ್ಲ? ಸಕ್ಕರೆ ಕಾಯಿಲೆ, ರಕ್ತದೊತ್ತಡ ಈ ದ್ವೀಪಗಳನ್ನು ಹಿಂಡುತ್ತಿವೆ. ಮೂಲ ಕಾಯಿಲೆ ಗೊತ್ತಾಗದೆ ಔಷಧಿ ಎಲ್ಲಿಗೆ, ಎಷ್ಟು ಕಳಿಸುವುದು? ವೈದ್ಯರು ನೋಡದ ಸಾವುಗಳಿಗೆ ಒಂದು ಉಪಾಯವಿದೆ: ಆರೋಗ್ಯ ಸಿಬ್ಬಂದಿ ಮನೆಯವರ ಜೊತೆ ಕುಳಿತು ಜ್ವರ ಎಷ್ಟು ದಿನವಿತ್ತು, ಎದೆ ನೋವಿತ್ತೆ, ಕಾಲು ಊದಿತ್ತೆ ಎಂದು ಕೇಳಿ ಕಾರಣ ಅಂದಾಜಿಸುವುದು. ಸೊಲೊಮನ್ ದ್ವೀಪಗಳಲ್ಲಿ ಇದನ್ನು ಬಳಸಿದ್ದಾರೆ.

ಏಷ್ಯಾ–ಪೆಸಿಫಿಕ್ ದೇಶಗಳು 2015ರಿಂದ 2024ರವರೆಗಿನ ಅವಧಿಯನ್ನು ನೋಂದಣಿಯ ದಶಕವೆಂದು ಘೋಷಿಸಿಕೊಂಡಿದ್ದವು. ಆ ಗಡುವು ಮುಗಿದಿದೆ. ನೆರವು ಎಂದರೆ ಕಂಪ್ಯೂಟರು, ಸಾಫ್ಟ್‌ವೇರು ಎಂದುಕೊಂಡಿರುವ ದಾನಿ ದೇಶಗಳು ಇನ್ನಾದರೂ ದೋಣಿಯ ಇಂಧನಕ್ಕೂ ದ್ವೀಪದ ನರ್ಸ್‌ಗಳ ಭತ್ಯೆಗೂ ಒಂದು ಪಾಲು ತೆಗೆದಿಡಲಿ.