ಭಾಷೆ ದಾನದ ವಸ್ತುವಲ್ಲ

ಪಾಳಿ ಮುಗಿಸಿ ಬಂದ ವಲಸಿಗರಿಗೆ ಜಪಾನಿನ ಸಮುದಾಯ ಭವನಗಳಲ್ಲಿ ನಿವೃತ್ತರು, ಗೃಹಿಣಿಯರು, ವಿದ್ಯಾರ್ಥಿಗಳು ಸಂಬಳವಿಲ್ಲದೆ ಜಪಾನಿ ಕಲಿಸುತ್ತಾರೆ. ಇದನ್ನು ಬರಿಯ ಸೇವೆಯೆಂದು ಕೊಂಡಾಡುವವರೊಡನೆ ನಮ್ಮದೊಂದು ತಕರಾರಿದೆ.

ಸೇವೆ ದೊಡ್ಡದು, ನಿಜ. ಆದರೆ ಆ ದೇಶದಲ್ಲಿ ಜಪಾನಿ ಕಲಿಸುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಸ್ವಯಂಸೇವಕರು ಎಂಬುದು ಔದಾರ್ಯದ ಲೆಕ್ಕವಷ್ಟೇ ಅಲ್ಲ, ಸರ್ಕಾರದ ಬಾಕಿಯ ಲೆಕ್ಕವೂ ಹೌದು. ಜಪಾನಿ ಮೂಲದ ಬ್ರೆಜಿಲಿಯನ್ನರಿಗೆ ಬಾಗಿಲು ತೆರೆದ ತಿದ್ದುಪಡಿ ಜಾರಿಗೆ ಬಂದದ್ದು 1990ರಲ್ಲಿ. ಭಾಷಾಶಿಕ್ಷಣದ ಹೊಣೆಯನ್ನು ಸರ್ಕಾರ ಕಾನೂನಿನಲ್ಲಿ ಒಪ್ಪಿಕೊಂಡದ್ದು 2019ರಲ್ಲಿ. ದುಡಿಯುವ ಕೈಗೆ ನಾಲಿಗೆಯೂ ಬೇಕೆಂದು ತಿಳಿಯಲು 29 ವರ್ಷ ಹಿಡಿಯಿತು.

ಎರಡು ಅಕ್ಷರಮಾಲೆ, ಮೇಲೆ ನಿತ್ಯಬಳಕೆಯ 2,136 ಕಾಂಜಿ: ಇದು ವಾರಕ್ಕೊಂದು ಸಂಜೆಯಲ್ಲಿ ತೀರುವ ಪಾಠವಲ್ಲ. ಕಲಿಸುವಾಕೆ ಊರು ಬಿಟ್ಟರೆ ತರಗತಿಯೇ ನಿಂತೀತು. ಕಲಿಯುವವನು ಯಾರನ್ನು ಕೇಳಬೇಕು? ಅವನಿಗಿರುವುದು ಹಕ್ಕಲ್ಲ, ಹಂಗು. 1995ರ ಕೋಬೆ ಭೂಕಂಪದಲ್ಲಿ ಸೂಚನೆಗಳು ಅರ್ಥವಾಗದೆ ವಿದೇಶೀಯರು ಕಂಗೆಟ್ಟ ಮೇಲೆಯೇ ಅಲ್ಲಿ ‘ಸುಲಭ ಜಪಾನಿ’ಯ ವಿಚಾರ ಹುಟ್ಟಿತು. ಭಾಷೆ ಅಲಂಕಾರವಲ್ಲ, ಪ್ರಾಣದ ಪ್ರಶ್ನೆ.

ಸಂಬಳದ ಶಿಕ್ಷಕರಿಗೆ ಆ ಮಮತೆ ಎಲ್ಲಿಂದ ಬಂದೀತು ಎನ್ನುವವರಿದ್ದಾರೆ. ಅಲ್ಲಿನ ಸರ್ಕಾರಿ ರಾತ್ರಿ ಮಾಧ್ಯಮಿಕ ಶಾಲೆಗಳನ್ನು ಅವರು ನೋಡಲಿ: ಕಲಿಸುವವರು ಸಂಬಳದವರು, ಬೋಧನಾ ಶುಲ್ಕವಿಲ್ಲ, ಕಲಿಯುವವರಲ್ಲಿ ಹೆಚ್ಚಿನವರು ವಿದೇಶೀಯರು. ಕೊರತೆ ಮಮತೆಯದಲ್ಲ, ಶಾಲೆಗಳ ಸಂಖ್ಯೆಯದು.

ಪರಭಾಷೆಯ ನಗರಗಳಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ಮಾತು ದೂರದ್ದಲ್ಲ. ಅಂಗಡಿಯ ಭಾಷೆಯನ್ನು ನೆರೆಯವರು ಕಲಿಸಿಯಾರು. ಆಸ್ಪತ್ರೆಯ, ಕಚೇರಿಯ ಭಾಷೆಯನ್ನು ಕಲಿಸುವ ಹೊಣೆ ದುಡಿಸಿಕೊಳ್ಳುವ ನಾಡಿನದು. ಸ್ವಯಂಸೇವಕರಿಗೆ ಕೈಮುಗಿಯೋಣ, ಅವರ ಬೆನ್ನ ಹಿಂದೆ ಅವಿತ ಸರ್ಕಾರಕ್ಕಲ್ಲ.