ದೇಶ ಸುತ್ತು, ಸೇವೆ ಮಾಡು

"ದೇಶ ಸುತ್ತು, ಇಲ್ಲವೆ ಕೋಶ ಓದು" ಎಂದು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಕೋಶವನ್ನೋದುವ ಭಾಗ್ಯವಿಲ್ಲದವನಿಗೆ ದೇಶವೇ ಪಾಠಶಾಲೆಯಾದೀತೆಂಬುದು ಈ ಗಾದೆಯ ಇಂಗಿತ. ಆದರೆ ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಈ ಎರಡರೊಳಗೆ ಒಂದನ್ನೂ ಕಾಣದ ತರುಣನೊಬ್ಬನಿರುವನು. ಶಾಲೆ ಅವನನ್ನು ಬಿಟ್ಟಿರುವದು, ಅಥವಾ ಅವನೇ ಶಾಲೆಯನ್ನು ಬಿಟ್ಟಿರುವನು, ನೆಲೆಯಾದ ಉದ್ಯೋಗವಿಲ್ಲ, ಊರಿನ ಕಟ್ಟೆ, ಕೈಯಲ್ಲಿಯ ಮೊಬೈಲು, ಸಂಜೆಯ ಗೆಳೆಯರ ಗುಂಪು, ಇಷ್ಟೇ ಅವನ ಜಗತ್ತು. ಇಂಥ ಮಗನನ್ನು ನೆನೆದು ತಾಯಿತಂದೆಗಳು ನಿದ್ದೆಗೆಡುವದು ಹೊಸ ಮಾತಲ್ಲ. ಆದರೆ ನಿದ್ದೆಗೆಟ್ಟ ಮಾತ್ರಕ್ಕೆ ಮಗನು ದಾರಿಗೆ ಬರುವದಿಲ್ಲ. ಆದುದರಿಂದ ಈ ತಿಂಗಳು ಇದೇ ವಿಷಯವನ್ನು ವಾಚಕರೊಡನೆ ಕುಳಿತು ವಿಚಾರಿಸೋಣವೆಂದಿರುವೆವು.

ದಾಂಡೇಲಿಯ ಮಗ್ಗುಲಲ್ಲಿ ಕೋಗಿಲಬನವೆಂಬ ಊರಿದೆ. ಹೆಸರೇ ಕಿವಿಗೆ ಇಂಪು. ಜೋಯಿಡಾ ತಾಲೂಕಿನ ಡಿಗ್ಗಿಯ ಕಡೆಗೆ ಹುಟ್ಟಿ, ಕಾರವಾರದ ಹತ್ತಿರ ಕಡಲನ್ನು ಕೂಡುವ ಕಾಳಿ ನದಿಯ ಪ್ರಾಂತವಿದು. ಇಲ್ಲಿಯ ಕಾಡಿಗೆ 1956ರಲ್ಲಿ ಅಭಯಾರಣ್ಯವೆಂಬ ಹೆಸರು ಬಂದಿತು. 2007ರಲ್ಲಿ ಅದು ಹುಲಿಗಳ ರಕ್ಷಿತಾರಣ್ಯವಾಯಿತು. 2015ರಲ್ಲಿ ನದಿಯ ಹೆಸರನ್ನೇ ಅದಕ್ಕಿಟ್ಟರು. ದಾಂಡೇಲಿಯಲ್ಲಿ 1950ರ ದಶಕದಲ್ಲಿ ಸ್ಥಾಪಿತವಾದ ಕಾಗದದ ಕಾರಖಾನೆ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿತು. ಆದರೆ ಅದೇ ಊರಿನ ಪ್ಲೈವುಡ್ಡಿನ ಮತ್ತು ಫೆರೋ ಮಿಶ್ರಲೋಹದ ಕಾರಖಾನೆಗಳು ಕಾಲಕ್ರಮದಲ್ಲಿ ಬಾಗಿಲು ಹಾಕಿಕೊಂಡವು. ತಂದೆಯ ಕೆಲಸ ಮಗನಿಗೆ ಬರುವದೆಂಬ ಹಳೆಯ ನಂಬಿಕೆ ಅವುಗಳೊಡನೆ ಹೋಯಿತು.

ಈಗ ಇಲ್ಲಿ ಪ್ರವಾಸಿಗಳದೇ ಸಂಭ್ರಮ. ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಬಿಡಾರವೂ ಕೋಗಿಲಬನದಲ್ಲಿದೆ. ಖಾಸಗಿ ಬಿಡಾರಗಳಂತೂ ಈ ಸೀಮೆಯಲ್ಲೆಲ್ಲ ತುಂಬಿವೆ. ದೂರದೂರದ ಪಟ್ಟಣಗಳ ಜನರು ನೊರೆಯುಕ್ಕುವ ಕಾಳಿಯಲ್ಲಿ ರಬ್ಬರಿನ ತೆಪ್ಪ ನಡೆಸಲಿಕ್ಕೂ ಮಂಗಟ್ಟೆ ಹಕ್ಕಿಯನ್ನು ನೋಡಲಿಕ್ಕೂ ಬರುವರು. ಇಲ್ಲೊಂದು ವಿಚಿತ್ರವನ್ನು ವಾಚಕರು ಗಮನಿಸಬೇಕು. ದೇಶವೆಲ್ಲ ಈ ಸೀಮೆಗೆ ಬಂದು ಹೋಗುತ್ತಿದೆ. ಈ ಸೀಮೆಯ ಹುಡುಗನು ಮಾತ್ರ ಎಲ್ಲಿಗೂ ಹೋಗಿಲ್ಲ. ಬಂದವರ ಗಂಟುಗಳನ್ನು ಹೊತ್ತು, ಅವರು ಎರಡು ದಿನ ಹಣ ಚೆಲ್ಲಿ ಮೋಜು ಮಾಡುವದನ್ನು ಕಂಡು, ಪಟ್ಟಣದ ಬಾಳೆಲ್ಲ ಹೀಗೆಯೇ ಇರಬೇಕೆಂದು ಅವನು ಭಾವಿಸುವನು. ಅವರು ತಮ್ಮ ಊರಲ್ಲಿ ಎಷ್ಟು ತಾಸು ದುಡಿಯುವರು, ಎಷ್ಟು ಸಾಲ ತೀರಿಸುವರು ಎಂಬುದು ಅವನಿಗೆ ಕಾಣುವದಿಲ್ಲ. ಕಂಡದ್ದನ್ನು ಪಡೆಯುವ ಆಸೆ ಬೆಳೆಯಿತು, ಪಡೆಯುವ ದಾರಿ ಕಾಣಲಿಲ್ಲ. ಕುಡಿತಕ್ಕೂ ಜೂಜಿಗೂ ಬಾಗಿಲು ತೆರೆಯುವದು ಈ ಸಂದಿಯಲ್ಲಿಯೇ.

ಇದಕ್ಕೆ ನಾವು ಮನೆಮನೆಗಳಲ್ಲಿ ಮಾಡುವ ಚಿಕಿತ್ಸೆಯೇನು? ಮೊದಲು ಬೈಗಳು; ಆಮೇಲೆ ಉಪದೇಶ; ಅದೂ ಫಲಿಸದಿದ್ದರೆ ಮದುವೆ. ಹೆಂಡತಿ ಬಂದರೆ ಹೊಣೆ ಬರುವದೆಂದು ಒಬ್ಬ ಅಪರಿಚಿತ ಹೆಣ್ಣುಮಗಳ ಬಾಳನ್ನು ಔಷಧಿಯಾಗಿ ಉಪಯೋಗಿಸುವದು ನ್ಯಾಯವಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಕೆಲವರು ಗೋವೆಗೋ ಪುಣೆಗೋ ದುಡಿಯಲು ಕಳಿಸುವರು. ದುಡಿಮೆ ಒಳ್ಳೆಯದೇ. ಆದರೆ ಜೊತೆಗೆ ಹಿರಿಯರಿಲ್ಲದೆ, ಮನಸ್ಸಿನಲ್ಲಿ ಗುರಿಯಿಲ್ಲದೆ ಹೊರಟವನು ಊರ ಕಟ್ಟೆಯನ್ನು ಬಿಟ್ಟು ಪರಸ್ಥಳದ ಕಟ್ಟೆಯನ್ನು ಹಿಡಿದರೆ ಲಾಭವೇನು?

ಈ ಸಂದರ್ಭದಲ್ಲಿ ಕನ್ನಡ ನಾಡಿನ ಒಬ್ಬ ಮಹನೀಯರನ್ನು ನೆನೆಯುವದು ಯೋಗ್ಯವಾಗಿದೆ. ಎಸ್. ಎನ್. ಸುಬ್ಬರಾಯರು 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. 1942ರ ಚಳವಳಿಯಲ್ಲಿ, ಹದಿಮೂರರ ಹುಡುಗನಾಗಿರುವಾಗಲೇ, ಬ್ರಿಟಿಷರು ತೊಲಗಬೇಕೆಂದು ಗೋಡೆಯ ಮೇಲೆ ಬರೆದು ಬಂಧನಕ್ಕೊಳಗಾದರು. ಮುಂದೆ ಹುಬ್ಬಳ್ಳಿಯ ಡಾಕ್ಟರ ನಾ. ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ದುಡಿದರು. ಆ ಬಳಿಕ ಅವರು ಆರಿಸಿಕೊಂಡ ಕಾರ್ಯಕ್ಷೇತ್ರವು ಬೇರೆ ಯಾರೂ ಆಶಿಸದಂಥದು: ದರೋಡೆಕೋರರ ಬೀಡಾದ ಚಂಬಲ್ ಕಣಿವೆ. ಅಲ್ಲಿಯ ಜೌರಾ ಎಂಬಲ್ಲಿ ಮಹಾತ್ಮಾ ಗಾಂಧಿ ಸೇವಾಶ್ರಮವನ್ನು ಸ್ಥಾಪಿಸಿ, ತರುಣರ ಶಿಬಿರಗಳನ್ನು ಕೂಡಿಸಿ, ರಸ್ತೆ ಮಾಡುವದು, ನೆಲ ಸಮಮಾಡುವದು ಮುಂತಾದ ಶ್ರಮದಾನವನ್ನು ನಡೆಯಿಸಿದರು. 1972ರ ಏಪ್ರಿಲಿನಲ್ಲಿ, ಜಯಪ್ರಕಾಶ ನಾರಾಯಣರ ಸಮಕ್ಷಮದಲ್ಲಿ, ಹೆಸರಾಂತ ದರೋಡೆಕೋರರು ಗಾಂಧೀಜಿಯವರ ಭಾವಚಿತ್ರದ ಮುಂದೆ ಬಂದೂಕುಗಳನ್ನು ಇಳುಹಿ ಶರಣಾದದ್ದು ಇದೇ ಜೌರಾದಲ್ಲಿ. ಎಷ್ಟೋ ಕೊಲೆಗಳ ಆಪಾದನೆ ಹೊತ್ತವರೂ ಬೇರೆ ಬಾಳಿಗೆ ಮನಸೋಲಬಲ್ಲರಾದರೆ, ಪರೀಕ್ಷೆಯಲ್ಲಿ ನಪಾಸಾಗಿ ಕಟ್ಟೆಯ ಮೇಲೆ ಕುಳಿತ ನಮ್ಮ ಹುಡುಗನನ್ನು ಕುರಿತು "ಇವನು ಕೆಟ್ಟ" ಎಂದು ಕೈತೊಳೆದುಕೊಳ್ಳಲಿಕ್ಕೆ ನಮಗೆ ಅಧಿಕಾರವೆಲ್ಲಿಯದು?

ಸುಬ್ಬರಾಯರು ರಾಷ್ಟ್ರೀಯ ಯುವ ಯೋಜನೆಯ ಮೂಲಕ ದೇಶದ ಮೂಲೆಮೂಲೆಗಳಲ್ಲಿ ಶಿಬಿರಗಳನ್ನು ನಡೆಯಿಸಿದರು. ಪಂಜಾಬದವನೂ ತಮಿಳನೂ ಅಸಾಮಿಯೂ ಕನ್ನಡಿಗನೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಗುದ್ದಲಿಯನ್ನು ಸರತಿಯಂತೆ ಹಿಡಿದು, ಸಂಜೆಗೆ ಸರ್ವಧರ್ಮಪ್ರಾರ್ಥನೆಯಲ್ಲಿ ಕುಳಿತುಕೊಳ್ಳುವದು ಅಲ್ಲಿಯ ಕ್ರಮ. ದಿನಕ್ಕೊಂದು ತಾಸು ದೇಹಕ್ಕೆ, ಒಂದು ತಾಸು ದೇಶಕ್ಕೆ ಎಂಬುದು ಅವರ ಬೋಧೆ. 1992ರ ಕಡೆಯಲ್ಲಿ ಅಯೋಧ್ಯೆಯ ಪ್ರಕರಣದಿಂದ ದೇಶ ಕಲಕಿಹೋದಾಗ, 1993-94ರಲ್ಲಿ ತರುಣತರುಣಿಯರನ್ನು ಕೂಡಿಸಿಕೊಂಡು ಸದ್ಭಾವನಾ ರೈಲು ಯಾತ್ರೆಯನ್ನು ಕೈಕೊಂಡರು. ಊರೂರಿನಲ್ಲಿ ಇಳಿದು, ಸೈಕಲ್ಲುಗಳ ಮೇಲೆ ಬೀದಿಗಳಲ್ಲಿ ಸಂಚರಿಸಿ, ಪ್ರೀತಿಯ ಮಾತನ್ನಾಡಿ ಮುಂದಕ್ಕೆ ಹೋಗುವ ಯಾತ್ರೆಯದು. 2021ರ ಅಕ್ಟೋಬರದಲ್ಲಿ ತೀರಿಕೊಳ್ಳುವವರೆಗೂ ಖಾದಿಯ ಅಂಗಿ, ಮೊಣಕಾಲಿನ ಚಡ್ಡಿ, ತರುಣರ ಸಹವಾಸ ಇವನ್ನು ಅವರು ಬಿಡಲಿಲ್ಲ.

ಪ್ರವಾಸಕ್ಕೂ ಸೇವೆಗೂ ಇಷ್ಟು ಶಕ್ತಿ ಎಲ್ಲಿಂದ ಬಂದಿತೆಂದು ಕೇಳಬಹುದು. ಊರಿನಲ್ಲಿ ಹುಡುಗನಿಗೆ ಒಂದು ಹೆಸರು ಅಂಟಿಕೊಂಡಿರುವದು: ದಡ್ಡ, ಪುಂಡ, ಕುಡುಕನ ಮಗ. ಆ ಹೆಸರಿಗೆ ತಕ್ಕಂತೆ ನಡೆಯುವದೇ ಅವನಿಗೆ ಸುಲಭ. ಪರಸ್ಥಳದಲ್ಲಿ ಆ ಹೆಸರನ್ನು ಯಾರೂ ಅರಿಯರು. ಹತ್ತು ದಿನಗಳ ಮಟ್ಟಿಗಾದರೂ ಅವನು ಹೊಸ ಮನುಷ್ಯನಾಗಬಲ್ಲನು. ಇದು ಪ್ರವಾಸದ ಗುಣ. ಸೇವೆಯ ಗುಣ ಇನ್ನೂ ಆಳವಾದದ್ದು. ಹುಟ್ಟಿದಂದಿನಿಂದ ಬೈಸಿಕೊಳ್ಳುವವನು, ಬೇಡುವವನು, ಇತರರ ದಯೆಗೆ ಪಾತ್ರನಾದವನು ಎಂದೇ ತನ್ನನ್ನು ಬಲ್ಲವನಿಗೆ, ತನ್ನ ಕೈಯಿಂದಲೂ ಒಬ್ಬರಿಗೆ ಉಪಕಾರವಾಯಿತೆಂಬ ಅನುಭವವು ಹತ್ತು ಉಪದೇಶಗಳಿಗಿಂತ ಮಿಗಿಲು. ಸೇವೆಯಿಲ್ಲದ ಪ್ರವಾಸ ಮೋಜಾಗಿ ಮುಗಿಯುವದು. ಎರಡೂ ಕೂಡಿದಲ್ಲಿ ಮಾತ್ರ ಮನುಷ್ಯನು ಬದಲಾಗುವನು.

ಹೊರನಾಡುಗಳಲ್ಲಿಯೂ ಈ ಸತ್ಯವನ್ನು ಕಂಡುಕೊಂಡವರಿರುವರು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಎಂಬ ಇಂಜಿನಿಯರರು ಶತ್ರುಮಿತ್ರ ಭೇದವಿಲ್ಲದೆ ಕೆಲವರನ್ನು ಕೂಡಿಸಿಕೊಂಡು, ಫ್ರಾನ್ಸಿನ ವರ್ಡನ್ ಬಳಿಯ ಹಾಳುಬಿದ್ದ ಹಳ್ಳಿಯೊಂದನ್ನು ಕಟ್ಟಲು ಹೋದರು. 1934ರಲ್ಲಿ ಬಿಹಾರವು ಭೂಕಂಪದಿಂದ ನೊಂದಾಗ ಅದೇ ಮಹಾಶಯರು ಭರತಖಂಡಕ್ಕೂ ಬಂದು ಹಳ್ಳಿಗಳ ಪುನರ್ನಿರ್ಮಾಣದಲ್ಲಿ ಕೈಗೂಡಿಸಿದರು. ಅಮೇರಿಕೆಯಲ್ಲಿ 1933ರಿಂದ 1942ರ ವರೆಗೆ ನಡೆದ ಅರಣ್ಯರಕ್ಷಣೆಯ ತರುಣದಳವು ಸುಮಾರು 30 ಲಕ್ಷ ನಿರುದ್ಯೋಗಿಗಳನ್ನು ಕಾಡುಗಳಿಗೆ ಕರೆದೊಯ್ದು, ಗಿಡ ನೆಡುವದು, ಬೆಂಕಿ ತಡೆಯುವದು, ದಾರಿ ಮಾಡುವದು ಮುಂತಾದ ಕೆಲಸಕ್ಕೆ ಹಚ್ಚಿತು. ತಿಂಗಳ ಸಂಬಳ 30 ಡಾಲರು. ಅದರಲ್ಲಿ 25 ಮನೆಗೆ ಹೋಗತಕ್ಕದ್ದು. ನಿನ್ನೆಯವರೆಗೆ ಮನೆಗೆ ಭಾರವಾಗಿದ್ದವನು ಇಂದು ಮನೆಗೆ ಆಧಾರವಾದನು. ಈ ಚಿಕ್ಕ ನಿಯಮದಲ್ಲಿರುವ ಜಾಣತನವನ್ನು ಗೃಹಸ್ಥರು ಮನಗಾಣಬೇಕು.

ಆದರೆ ಕರೆದೊಯ್ಯುವದರಲ್ಲಿಯೇ ಎಲ್ಲವೂ ಮುಗಿಯಲಿಲ್ಲ. ಇದಕ್ಕೆ ಈ ಸೀಮೆಯಲ್ಲಿಯೇ ಕಟುವಾದ ದೃಷ್ಟಾಂತವಿದೆ. ಆಫ್ರಿಕಾ ಮೂಲದ ಸಿದ್ದಿಗಳು ಹಳಿಯಾಳ, ಮುಂಡಗೋಡ, ಯಲ್ಲಾಪುರ, ಜೋಯಿಡಾಗಳ ಕಾಡಂಚಿನಲ್ಲಿ ತಲೆತಲಾಂತರಗಳಿಂದ ಬಾಳುತ್ತಿರುವರು. 1987ರ ಸುಮಾರಿಗೆ ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಿಂದ ಸಿದ್ದಿ ಬಾಲಕಬಾಲಕಿಯರನ್ನು ಆರಿಸಿ, ಊರಿನ ಹೊರಗೆ ಇರಿಸಿ, ಓಟ ಮುಂತಾದ ಆಟಗಳಲ್ಲಿ ತರಬೇತು ಮಾಡಿತು. ಕಾಡಿನ ಮಕ್ಕಳು ದೇಶ ನೋಡಿದರು, ಪದಕಗಳನ್ನು ಗೆದ್ದರು, ಕೆಲವರಿಗೆ ಸರಕಾರಿ ನೌಕರಿಗಳೂ ದೊರೆತವು. ಆದರೆ 1990ರ ದಶಕದ ಮೊದಲ ವರ್ಷಗಳಲ್ಲಿ ಆ ಯೋಜನೆ ನಡುವೆಯೇ ನಿಂತುಹೋಯಿತು. ಅರ್ಧ ದಾರಿಯಲ್ಲಿದ್ದವರು ಊರಿಗೆ ಮರಳಿದರು. ಮರಳಿದವನ ಸಂಕಟ ಎಂದೂ ಹೋಗದವನ ಸಂಕಟಕ್ಕಿಂತ ಹೆಚ್ಚು. ಏಕೆಂದರೆ ಅವನು ಬಾಗಿಲು ತೆರೆದದ್ದನ್ನೂ ಮುಚ್ಚಿದ್ದನ್ನೂ ಕಂಡಿರುವನು. ಎಷ್ಟೋ ವರುಷಗಳ ತರುವಾಯ ಇಂಥ ಪ್ರಯತ್ನವು ಮತ್ತೆ ತಲೆಯೆತ್ತಿದ್ದು ಸಮಾಧಾನದ ಸಂಗತಿಯಾದರೂ, ಒಂದು ತಲೆಮಾರಿನ ಹರೆಯವು ಮರಳಿ ಬಾರದು. ತರುಣರನ್ನು ಕೈಹಿಡಿದು ಹೊರಡಿಸುವವರು ಅವರ ಮರಳುವಿಕೆಯನ್ನೂ ಮೊದಲೇ ಯೋಚಿಸಬೇಕೆಂಬುದೇ ಇದರ ನೀತಿ.

ಹಾಗಾದರೆ ನಾವು ಮಾಡತಕ್ಕದ್ದೇನು? ಮೊದಲನೆಯದಾಗಿ, ಇದ್ದ ಅನುಕೂಲಗಳನ್ನು ಸದುಪಯೋಗಪಡಿಸಿಕೊಳ್ಳಬೇಕು. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾಲಯಗಳ 40 ಸಾವಿರ ವಿದ್ಯಾರ್ಥಿಗಳೊಡನೆ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯು ಇಂದು ಕಾಲೇಜುಕಾಲೇಜಿಗೆ ಹಬ್ಬಿದೆ. ಹಳ್ಳಿಯಲ್ಲಿ ಏಳು ದಿನಗಳ ಶಿಬಿರ ಅದರ ಮುಖ್ಯಾಂಗ. ಆದರೆ ಅದು ಕಾಲೇಜು ಸೇರಿದವರ ಭಾಗ್ಯ. ಯಾವ ಊರಿನಲ್ಲಿ ಇಂಥ ಶಿಬಿರ ಕೂಡುವದೋ ಆ ಊರಿನ ಶಾಲೆ ಬಿಟ್ಟ ಹುಡುಗರನ್ನೂ ಅದರೊಳಗೆ ಸೇರಿಸಿಕೊಳ್ಳಬೇಕೆಂದು ಪಂಚಾಯತಿಯವರೂ ಪಾಲಕರೂ ಕೇಳಿಕೊಂಡರೆ ತಪ್ಪೇನು? ದಾರಿ ತಪ್ಪಿ ಅಪರಾಧ ಮಾಡಿದ ಎಳೆಯರ ವಿಷಯದಲ್ಲಿಯೂ 2015ರ ಬಾಲನ್ಯಾಯದ ಕಾಯಿದೆಯು ಸಮುದಾಯ ಸೇವೆಯನ್ನು ವಿಧಿಸಲು ಆಸ್ಪದವಿತ್ತಿದೆ. ಕಾಯಿದೆಗಿರುವಷ್ಟು ತಾಳ್ಮೆ ಮನೆಗಿರಬಾರದೇ?

ಎರಡನೆಯದಾಗಿ, ಪ್ರವಾಸವೆಂದರೆ ಕಾಶಿಗೋ ಕಾಶ್ಮೀರಕ್ಕೋ ಹೋಗಬೇಕೆಂಬ ನಿಯಮವಿಲ್ಲ. ಕೋಗಿಲಬನದ ಹುಡುಗನು ಒಂದು ದಿನದ ದಾರಿಯೊಳಗೆ ಎಷ್ಟು ಲೋಕಗಳನ್ನು ಕಾಣಬಹುದೆಂಬುದನ್ನು ಎಣಿಸಿರಿ. ಮುಂಡಗೋಡದಲ್ಲಿ 1966ರಿಂದ ನೆಲೆಸಿದ ಟಿಬೇಟಿಯರು, ದೇಶ ಕಳೆದುಕೊಂಡರೂ ತಮ್ಮ ವಿದ್ಯೆಯನ್ನು ಕಳೆದುಕೊಳ್ಳದೆ ಮಠಗಳನ್ನು ಕಟ್ಟಿರುವರು. ಜೋಯಿಡಾದ ಕುಣಬಿಗಳು ಬಗೆಬಗೆಯ ಗೆಡ್ಡೆಗೆಣಸುಗಳ ಬೀಜಸಂಪತ್ತನ್ನು ಕಾಯ್ದುಕೊಂಡು ಬಂದಿರುವರು. ಗೌಳಿಗಳು ಎಮ್ಮೆಗಳೊಡನೆ ಕಾಡಂಚಿನಲ್ಲಿರುವರು. ಸಿದ್ದಿಗಳಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮೂರೂ ಮತದವರಿರುವರು. ಇವರ ಹಟ್ಟಿಗಳಲ್ಲಿ ಎಂಟು ದಿನ ನಿಂತು, ಬಾವಿಯ ಹೂಳೆತ್ತಿ, ಶಾಲೆಯ ಮಾಡಿಗೆ ಹಂಚು ಹೊಚ್ಚಿ, ಅವರ ಅಂಬಲಿಯನ್ನುಂಡು ಬಂದವನು ಬಹಳ ದೂರ ಪ್ರಯಾಣಮಾಡಿದವನೇ ಸರಿ. ಅಂತೆಯೇ ಬೇಸಗೆಯಲ್ಲಿ ಕಾಡಿನ ಬೆಂಕಿಯನ್ನು ತಡೆಯುವದೂ, ಪ್ರವಾಸಿಗಳು ಕಾಳಿಯ ದಂಡೆಯಲ್ಲಿ ಬಿಟ್ಟುಹೋದ ಸೀಸೆ-ಪ್ಲಾಸ್ಟಿಕ್ಕುಗಳನ್ನು ತೆಗೆಯುವದೂ ಕೀಳು ಕೆಲಸಗಳಲ್ಲ. ಆದರೆ ಯಾವ ಕೆಲಸ ಬೇಕೆಂಬುದನ್ನು ಆ ಊರಿನವರೇ ಹೇಳಬೇಕು. ಹೋದವರು ತಮಗೆ ತೋಚಿದ ಗೋಡೆಗೆ ಸುಣ್ಣ ಬಳಿದು, ಭಾವಚಿತ್ರ ತೆಗೆಸಿಕೊಂಡು ಬಂದರೆ ಅದು ಸೇವೆಯ ವೇಷವೇ ಹೊರತು ಸೇವೆಯಲ್ಲ.

ಮೂರನೆಯದು, ಮರಳಿ ಬಂದವನಿಗೆ ಕೈಗೊಂದು ಕಸುಬು. ಧರ್ಮಸ್ಥಳದ ಹೆಗ್ಗಡೆಯವರ ನೇತೃತ್ವದಲ್ಲಿ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ಸ್ವ-ಉದ್ಯೋಗ ತರಬೇತಿಯ ಪದ್ಧತಿಯು ಈಗ ದೇಶವ್ಯಾಪಿಯಾಗಿದೆ. ಹಳಿಯಾಳದಲ್ಲಿಯೂ ಅಂಥ ಸಂಸ್ಥೆಯಿದೆ; ಗ್ರಾಮದ ತರುಣರಿಗೆ ಅಲ್ಪಾವಧಿಯ ಶಿಕ್ಷಣವನ್ನು ವೆಚ್ಚವಿಲ್ಲದೆ ಕೊಡುವರು. ಶಿಬಿರದಿಂದ ಬಂದ ಉತ್ಸಾಹವು ಆರುವ ಮೊದಲೇ ಮಗನನ್ನು ಅಲ್ಲಿಗೆ ಮುಟ್ಟಿಸುವದು ಪಾಲಕರ ಕೆಲಸ.

ಹೆಣ್ಣುಮಕ್ಕಳ ಮಾತನ್ನು ಇಲ್ಲಿ ಮರೆಯಬಾರದು. ಗಂಡುಹುಡುಗನು ಕಟ್ಟೆಯ ಮೇಲೆ ಕೆಡುವದು ಊರಿಗೆ ಕಾಣುವದು. ಹುಡುಗಿಯು ಶಾಲೆ ಬಿಟ್ಟು ಒಲೆಯ ಮುಂದೆ ಬಾಡುವದು ಯಾರಿಗೂ ಕಾಣುವದಿಲ್ಲ. ನಂಬಿಕೆಯ ಶಿಕ್ಷಕಿಯೊಬ್ಬಳು ಜೊತೆಗಿದ್ದರೆ ಅವಳನ್ನೂ ಕಳಿಸಲಿಕ್ಕೆ ಹಿಂಜರಿಯುವ ಕಾರಣವಿಲ್ಲ.

ಕಳಿಸುವಾಗ ತಾಯಿಯ ಎದೆ ನಡುಗುವದು ಸಹಜ. ಆದರೆ ಕಟ್ಟೆಯ ಮೇಲೆ ಕುಳಿತವನು ಮನೆಗೆ ಹತ್ತಿರವಿರುವನೆಂಬುದು ನಮ್ಮ ಭ್ರಮೆ. ಅವನು ದಿನದಿನಕ್ಕೆ ದೂರ ಸರಿಯುತ್ತಲೇ ಇರುವನು. ಆದುದರಿಂದ ತಕ್ಕ ಹಿರಿಯರ ಸಂಗಡ, ತಕ್ಕ ಕೆಲಸಕ್ಕೆ, ಬುತ್ತಿ ಕಟ್ಟಿ ಕಳಿಸಿರಿ. ಬಂದ ದಿನ, "ಎಷ್ಟು ಖರ್ಚಾಯಿತು?" ಎಂದು ಮೊದಲು ಕೇಳಬೇಡಿರಿ. "ಯಾರಿಗೆ ನೆರವಾದೆ?" ಎಂದು ಕೇಳಿರಿ, ಮತ್ತು ಅವನು ಹೇಳುವದನ್ನು ಕೊನೆಯವರೆಗೆ ಕುಳಿತು ಕೇಳಿರಿ.